ಅವ್ವ ಹೂಂ ಅನ್ನುವ ತನಕ

ಫಹಮೀದಾ ಬಸ್ಸು ಓಡಿಸುತ್ತಾಳೆ ಅಂದರೆ ರಾಣೆಬೆನ್ನೂರಿನ ಅವಳ ತವರಿನವರು ಈಗಲೂ ಪೂರ್ತಿ ನಂಬುವುದಿಲ್ಲ. ಫೋಟೊ ಕಳಿಸಿದರೆ, "ಬಸ್ಸಿನ ಬಾಜೂಕ ನಿಂತು ತಗಸ್ಕೊಂಡೀ ಬಿಡ" ಅನ್ನುತ್ತಾರೆ. ನಂಬದಿದ್ದರೆ ಬಿಡಲಿ. ಅಮೆರಿಕದ ವಾರೆನ್ ಊರಿನ ನಲವತ್ತು ಮಕ್ಕಳಿಗೆ ಗೊತ್ತಿದೆ, ಅಷ್ಟು ಸಾಕು. ಬೆಳಿಗ್ಗೆ ಐದೂವರೆಗೆ ಶಾಲೆಯ ಬಸ್ಸುಗಳು ನಿಲ್ಲುವ ಜಾಗಕ್ಕೆ ಹೋಗಿ, ಹಳದಿ ಬಸ್ಸಿನ ಸುತ್ತ ನಡೆದು ದೀಪ, ಟೈರು, ಹಿಂಬಾಗಿಲು ಎಲ್ಲ ನೋಡಿ, ತಲೆಯ ಸ್ಕಾರ್ಫನ್ನು ಬಿಗಿಮಾಡಿಕೊಂಡು ಅವಳು ಹತ್ತಿ ಕೂತರೆ ಹಿಮ ಬೀಳಲಿ, ಏನೇ ಬೀಳಲಿ, ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆ. ಹನ್ನೊಂದು ವರ್ಷವಾಯಿತು, ಒಂದು ಗೀರೂ ಬಿದ್ದಿಲ್ಲ.

ಅದಕ್ಕೂ ಮೊದಲಿನ ಬದುಕು ಬೇರೆ. ಮದುವೆಯಾದ ಮರುವರ್ಷ ಗಂಡ ಮುನೀರ್ ನದಾಫನ ಹಿಂದೆ ಸೌದಿಯ ಜುಬೈಲಿಗೆ ಹೋದವಳು ಹದಿಮೂರು ವರ್ಷ ಅಲ್ಲಿದ್ದಳು. ಮುನೀರ್ ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಆಗ ಆ ದೇಶದಲ್ಲಿ ಹೆಂಗಸರು ಗಾಡಿ ಓಡಿಸುವ ಹಾಗಿರಲಿಲ್ಲ. ಸಾರಾ, ಅರ್ಹಾನ್ ಇಬ್ಬರೂ ಹುಟ್ಟಿದ್ದು ಅಲ್ಲೇ. ಆಮೇಲೆ ಅಮೆರಿಕದಲ್ಲಿದ್ದ ಫಹಮೀದಾಳ ಅಣ್ಣ ಹಾಕಿದ್ದ ವಲಸೆಯ ಕಾಗದ ಕೈಗೂಡಿ ಎಲ್ಲರೂ ಮಿಶಿಗನ್ನಿಗೆ ಬಂದರು. ಈಗ ಮುನೀರ್ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ, ಅರ್ಹಾನ್ ಕಾಲೇಜಿನ ಎರಡನೇ ವರ್ಷದಲ್ಲಿದ್ದಾನೆ, ಇಪ್ಪತ್ನಾಲ್ಕರ ಸಾರಾ ಡೆಟ್ರಾಯಿಟಿನ ಆಸ್ಪತ್ರೆಯೊಂದರಲ್ಲಿ ನರ್ಸ್.

ರಮಜಾನಿನ ಮೊದಲ ವಾರ ಒಂದು ಸಂಜೆ ರೋಜಾ ಬಿಡಲು ಎಲ್ಲರೂ ಮೇಜಿಗೆ ಕೂತಿದ್ದರು. ಖರ್ಜೂರ, ನಿಂಬೆ ಶರಬತ್ತು, ಗಿರ್ಮಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ಊರು ಯಾವುದಾದರೂ ಆಗಲಿ, ಫಹಮೀದಾಳ ರಮಜಾನಿಗೆ ಗಿರ್ಮಿಟ್ಟು ಇರಲೇಬೇಕು.

"ಅವ್ವಾ, ನಂಗೊಂದು ಆಫರ್ ಬಂದೈತಿ" ಅಂದಳು ಸಾರಾ.

"ಛಲೋ ಆತು. ಎಲ್ಲಿ? ಆನ್ ಆರ್ಬರ್ ಏನು?"

"ದಹ್ರಾನ್. ಎರಡು ವರ್ಷದ ಕಾಂಟ್ರಾಕ್ಟ್."

ಮುನೀರನ ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗದೆ ನಿಂತಿತು. "ದಹ್ರಾನ್? ಜುಬೈಲಿಂದ ಒಂದ ತಾಸಿನ ದಾರಿ! ಅಲ್ಲಾ, ನಮ್ಮೂರಿಗೆ ಹೊಂಟೀಯೇನ ಮಗಳ?"

"ಬ್ಯಾಡ" ಅಂದಳು ಫಹಮೀದಾ.

"ವೆಲ್, ದಟ್ ವಾಸ್ ಫಾಸ್ಟ್" ಅಂದ ಅರ್ಹಾನ್.

"ಅವ್ವಾ, ಪೂರಾ ಕೇಳು..."

"ಕೇಳೀನಿ. ಬ್ಯಾಡ ಅಂದೀನಿ. ಗಿರ್ಮಿಟ್ಟು ತಿನ್ನು, ಮೆತ್ತಗಾಗತೈತಿ."

ಸಾರಾ ತಟ್ಟೆ ಸರಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅವಳ ಹಟ ಗದ್ದಲದ ಹಟವಲ್ಲ. "ಏಪ್ರಿಲ್ ಆರಕ್ಕ ಸೈನ್ ಮಾಡಿ ಕಳಸಬೇಕು. ನಾ ಸಣ್ಣಾಕಿ ಅಲ್ಲ, ನಾನ ಸೈನ್ ಮಾಡಿ ಹೋಗಬಹುದು. ಆದ್ರ ಹಂಗ ಹೋಗಂಗಿಲ್ಲ. ನೀ ಹೂಂ ಅಂದ್ರಷ್ಟ."

ಬೇಡ ಅನ್ನುವುದು ಸಲೀಸು. ಆದರೆ ಮಗಳು ಹೀಗೆ ಕೀಲಿಕೈಯನ್ನು ನಿನ್ನ ಮಡಿಲಿಗೆ ಹಾಕಿ ಕೂತರೆ ಏನು ಮಾಡುತ್ತೀ? ಫಹಮೀದಾಳಿಗೆ ಅಂದು ಶರಬತ್ತು ಸಪ್ಪಗೆನಿಸಿತು.

ಮುನೀರ್ ಮರುದಿನದಿಂದಲೇ ಮಗಳ ವಕೀಲನಾದ. ಪಾತ್ರೆ ಒರೆಸುತ್ತಾ ಶುರುಮಾಡುತ್ತಿದ್ದ. ತಂದೂರಿನಿಂದ ಆಗಷ್ಟೇ ಇಳಿದ ಖುಬೂಸ್ ರೊಟ್ಟಿ, ಗುರುವಾರ ಸಂಜೆ ಸಮುದ್ರದ ದಂಡೆ, ಬಸ್ಸು ಹಿಡಿದು ಮಕ್ಕಾಕ್ಕೆ ಹೋದದ್ದು, ನೆರೆಮನೆಯ ಬಳ್ಳಾರಿಯ ವೀರೇಶನ ಹೆಂಡತಿ ಛಾಯಾ ಕಳಿಸುತ್ತಿದ್ದ ಹೋಳಿಗೆ.

"ಅದೆಲ್ಲಾ ಖರೇನ" ಅಂದಳು ಫಹಮೀದಾ. "ಆ ಊರು ಕೆಟ್ಟದ್ದು ಅಂತ ನಾ ಯಾವತ್ತೂ ಅಂದಿಲ್ಲ."

"ಮತ್ತ? ನಿನ್ನ ರಾಣಿ ಹಂಗ ಇಟ್ಟಿದ್ದೆ. ಹದಿಮೂರು ವರ್ಷ ಒಂದು ಕೊತ್ತಂಬರಿ ಸಿವುಡು ನಿನ್ನ ಕೈಲೆ ಹೊರಸಲಿಲ್ಲ. ಡ್ಯೂಟಿ ಮುಗಿಸಿ ಸಂತಿ ನಾನ ಮಾಡತಿದ್ದೆ."

"ಮಾಡತಿದ್ರಿ. ಬಲತ ಬದನಿಕಾಯಿ, ಒಳಗ ಬರೇ ಬೀಜ. ಎಣಗಾಯಿ ಯಾಕ ಕಹಿ ಆಗೈತಿ ಅಂತ ಮತ್ತ ನೀವ ಕೇಳತಿದ್ರಿ. ಹದಿಮೂರು ವರ್ಷ ಒಂದು ಬದನಿಕಾಯಿ ನಾ ಕೈಲೆ ಒತ್ತಿ ನೋಡಿ ಆರಿಸಲಿಲ್ಲರಿ."

"ಇದನ್ನ ಆವಾಗ ಹೇಳಬಾರದೇನ?"

"ಕೇಳಿದ್ರೇನ ನೀವು?"

ಮುನೀರ್ ಅದೇ ತಟ್ಟೆಯನ್ನು ಎರಡನೇ ಸಲ ಒರೆಸಿದ.

ಸಾರಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಆದ್ರ ಅವ್ವಾ, ವೀ ಆರ್ ಮುಸ್ಲಿಮ್ಸ್. ನಮಗ ಅಲ್ಲಿ ಈಸಿ ಅಲ್ಲೇನ? ಛಾಯಾ ಆಂಟಿಗೆ ಕಷ್ಟ ಇರಬೇಕು."

ಫಹಮೀದಾ ನಕ್ಕಳು. "ಛಾಯಾಗ ದೇವರ ಫೋಟೊ ಕಪಾಟಿನಾಗ ಇಟ್ಟು ಪೂಜಿ ಮಾಡೂದು ಕಷ್ಟ ಇತ್ತು, ಅದು ಬ್ಯಾರೆ. ಆದ್ರ ಬಜಾರದಾಗ ಸೆರಗು ಸರಿದ್ರ ಆಕೀಗೆ 'ತಲಿ ಮುಚ್ಚಿಕೋ' ಅಂತ ಒಂದು ಮಾತು ಅಂದು ಹೋಗತಿದ್ರು. ನಂದು ಒಂದು ಕೂದಲ ಕಂಡ್ರ ನಿಮ್ಮ ಅಬ್ಬಾನ್ನ ನಿಲ್ಲಿಸಿ ಬೈತಿದ್ರು, 'ನೀ ಮುಸಲ್ಮಾನ, ನಿನ್ನ ಹೆಂಡತಿಗೆ ಕಲಿಸಿಲ್ಲೇನ' ಅಂತ. ಗೊತ್ತಿಲ್ಲದವರಿಗೆ ಮಾಫಿ ಇರತೈತಿ ನೋಡು. ನಮ್ಮವರಿಗೆ ಇರಂಗಿಲ್ಲ."

"ಈಗ ಹಂಗಿಲ್ಲ, ಅವ್ವಾ. ಎಲ್ಲಾ ಚೇಂಜ್ ಆಗೈತಿ. ಗರ್ಲ್ಸ್ ಡ್ರೈವ್ ಮಾಡತಾರ."

"ಯಾವ ಗರ್ಲ್ಸ್?"

ಈ ಪ್ರಶ್ನೆಗೆ ಉತ್ತರ ಕೊಡಿಸಬೇಕೆಂದು ಮುನೀರ್ ಒಂದು ಹಂಚಿಕೆ ಹೂಡಿದ. ವೀರೇಶ ಇನ್ನೂ ಜುಬೈಲಿನಲ್ಲೇ ಇದ್ದ. ಶನಿವಾರ ಮಧ್ಯಾಹ್ನ, ಅಲ್ಲಿ ರೋಜಾ ಬಿಟ್ಟು ಜನ ಬೀದಿಗೆ ಬರುವ ಹೊತ್ತಿಗೆ, ವೀರೇಶ ವಿಡಿಯೋ ಕಾಲ್ ಮಾಡಿ ಹಳೇ ಬೀದಿಯನ್ನು ತೋರಿಸಬೇಕು. ಹೊಸ ಕಾಲವನ್ನು ಫಹಮೀದಾ ಕಣ್ಣಾರೆ ನೋಡಲಿ ಅಂತ.

ಫೋನನ್ನು ಟಿವಿಗೆ ಜೋಡಿಸಿದ್ದು ಅರ್ಹಾನ್. ಎಲ್ಲರೂ ಸೋಫಾದಲ್ಲಿ ಕೂತರು. ವೀರೇಶನ ನರೆತ ಮೀಸೆ ಗೋಡೆ ತುಂಬ ಬಂತು.

"ಭಾಬೀ, ಚೆನ್ನಾಗಿದ್ದೀರಾ? ನೋಡಿ, ನಮ್ಮ ರೋಡು. ಆ ಕಾರು ನೋಡಿ, ಓಡಿಸ್ತಿರೋದು ಹೆಂಗಸು. ಅಲ್ಲಿ ಇನ್ನೊಬ್ಬಳು, ಫೋನಲ್ಲಿ ಮಾತಾಡ್ಕೊಂಡು ಓಡಿಸ್ತಾಳೆ, ಗಂಡಸರಿಗಿಂತ ಜೋರು!"

"ನೋಡಿದೇನ?" ಅಂದ ಮುನೀರ್, ತಾನೇ ಕಲಿಸಿಕೊಟ್ಟವನಂತೆ.

"ಬಿಲ್ಡಿಂಗ್ ಬಂತು ನೋಡಿ ಭಾಬೀ. ಅಲ್ಲಿ ಮೇಲೆ ನಿಮ್ಮ ಕಿಟಕಿ."

ಮೂರನೇ ಮಹಡಿ. ತುಕ್ಕು ಹಿಡಿದ ಒಂದು ಎ.ಸಿ. ಡಬ್ಬ, ಅದರ ಮಗ್ಗುಲಲ್ಲಿ ಕಿಟಕಿ. ಫಹಮೀದಾಳಿಗೆ ಗುರುತು ಸಿಗಲಿಲ್ಲ. ಒಳಗಿನಿಂದಾದರೆ ಅದರ ಒಂದೊಂದು ಕಲೆಯೂ ಗೊತ್ತು. ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದ್ದೇ ಇಲ್ಲ. ಬಾಗಿಲಿಗೆ ಕಾರು ಬರುತ್ತಿತ್ತು, ತಲೆ ತಗ್ಗಿಸಿ ಹತ್ತುತ್ತಿದ್ದಳು.

ಆ ಕಿಟಕಿಯಿಂದ ಅವಳು ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು. ಕೆಳಗೆ ಬಖಾಲ, ಅಂದರೆ ಕಿರಾಣಿ ಅಂಗಡಿ. ಅಂಗಡಿಯವನು ಕಾಸರಗೋಡಿನ ಮೊಯಿದು, ಕನ್ನಡ ಓದಬಲ್ಲವನು. "ಮೊಸರು ೨, ತತ್ತಿ ಅರ್ಧ ಡಜನ್, ಉಪ್ಪು" ಅಂತ ಚೀಟಿ ಬರೆದು ಹಾಕಿದರೆ ಸಾಮಾನು ಮೇಲೆ ಬರುತ್ತಿತ್ತು. ಅಂಗಡಿಗೆ ಇದ್ದದ್ದು ಐವತ್ತು ಮೆಟ್ಟಿಲು. ಗಂಡ ಜೊತೆಗಿಲ್ಲದೆ ಇಳಿಯಬೇಡ ಅಂತ ಆ ಬೀದಿಯ ಹೆಂಗಸರೇ ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದರು, ಅವಳೂ ಇಳಿಯಲಿಲ್ಲ.

ಫೋನು ಈಗ ಅಂಗಡಿಯ ಒಳಗಿತ್ತು. ಬೋಳುತಲೆಯ ಮುದುಕನೊಬ್ಬ ಕನ್ನಡಕ ಏರಿಸಿ ಹತ್ತಿರ ಬಂದ. "ಯಾರಿದು?"

"ಮೂರನೇ ಮಹಡಿ, ಮುನೀರ್ ಭಾಯಿ ಮನೆಯವರು" ಅಂದ ವೀರೇಶ.

"ಓ! ಬುಟ್ಟಿ ಅಕ್ಕ!" ಮೊಯಿದು ಬಾಯಿತುಂಬ ನಕ್ಕ. "ನಿಮ್ಮ ಅಕ್ಷರ ನನಗೆ ಚಂದ ಗೊತ್ತುಂಟು ಅಕ್ಕ. ಮುಖ ಇವತ್ತೇ ನೋಡುವುದು."

"ನಾನೂ ನಿಮ್ಮ ತಲಿ ಅಷ್ಟ ನೋಡಿದ್ದೆ ಅಣ್ಣಾ, ಮ್ಯಾಲಿಂದ" ಅಂದಳು ಫಹಮೀದಾ. "ಆವಾಗ ಕೂದಲ ಇತ್ತು."

ಎಲ್ಲರೂ ನಕ್ಕರು, ಎರಡೂ ದೇಶದಲ್ಲಿ. ನಗು ಇಳಿದ ಮೇಲೆ ಅವಳು ಕೇಳಿದಳು, "ಈಗ ಹೆಂಗಸರು ಅಂಗಡೀಗೆ ಬರ್ತಾರೇನ ಅಣ್ಣಾ?"

"ಬರ್ತಾರೆ, ಬರ್ತಾರೆ. ಗಾಡಿ ತಂದು ಬಾಗಿಲಿಗೇ ನಿಲ್ಲಿಸ್ತಾರೆ. ಜಗಳವೂ ಮಾಡ್ತಾರೆ. ಕಾಲ ಬದಲಾಗಿದೆ." ಮೊಯಿದು ಗಲ್ಲ ಕೆರೆದುಕೊಂಡ. "ಆದರೆ ಬುಟ್ಟಿ ಒಂದು ಇನ್ನೂ ಇಳೀತದೆ. ನಾಲ್ಕನೇ ಮಹಡಿ. ಬಿಹಾರದ ಹುಡುಗಿ. ಗಂಡ ಶಿಫ್ಟು. ಓಡಿಸಬಹುದು ಅಂತ ಕಾನೂನು ಉಂಟು, ಅವಳಿಗೆ ಓಡಿಸ್ಲಿಕ್ಕೆ ಬರಬೇಕಲ್ಲ? ಗಾಡಿ ಬೇಕಲ್ಲ? ಧೈರ್ಯ ಬೇಕಲ್ಲ?"

ಮುನೀರ್ ಆಚೆಯಿಂದ ವೀರೇಶನಿಗೆ ಸನ್ನೆ ಮಾಡಿದ, ಸಾಕು ಅಂತ. ತಡವಾಗಿತ್ತು.

ಆ ಸಂಜೆ ಫಹಮೀದಾ ಕಡಲೆಹಿಟ್ಟು ಕಲಸುತ್ತಾ ಮಗಳನ್ನು ಕರೆದಳು. "ನೀ ಆಸ್ಪತ್ರಿಗೆ ಯಾವ ದಾರೀಲೆ ಹೋಗತೀ?"

"ವ್ಯಾನ್ ಡೈಕ್ ರೋಡ್. ಯಾಕ?"

"ಫ್ರೀವೇ ಮ್ಯಾಲ ಹೋದ್ರ ಹದಿನೈದು ನಿಮಿಷ ಉಳಿತೈತಿ."

ಮನೆಯವರಿಗೆಲ್ಲ ಗೊತ್ತಿದ್ದ, ಯಾರೂ ಆಡದಿದ್ದ ವಿಷಯ ಅದು. ಹದಿನೇಳರಲ್ಲಿ ಕಾರು ಕಲಿಯುವಾಗ ಒಂದು ಟ್ರಕ್ಕು ಒರಸಿದ ಹಾಗೆ ಹಾದುಹೋದದ್ದೇ ನೆಪ, ಸಾರಾ ಅಂದಿನಿಂದ ಸಿಗ್ನಲ್ಲೇ ಇಲ್ಲದ ಆ ವೇಗದ ಹೆದ್ದಾರಿ ಹತ್ತಿಲ್ಲ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ನಿಂತು ನಿಂತು ಹೋಗುತ್ತಾಳೆ. ದೂರ ಹೋಗಬೇಕಾದರೆ ಅರ್ಹಾನನಿಗೆ ಕಾಯುತ್ತಾಳೆ, ಅಬ್ಬಾನಿಗೆ ಕಾಯುತ್ತಾಳೆ, ಗೆಳತಿಯರಿಗೆ ಕಾಯುತ್ತಾಳೆ.

"ದಹ್ರಾನಿನಾಗ ವ್ಯಾನ್ ಡೈಕ್ ಇಲ್ಲ" ಅಂದಳು ಫಹಮೀದಾ. "ಅಲ್ಲಿ ಎಲ್ಲಾ ಇದಕ್ಕಿಂತ ಜೋರ ರಸ್ತೇನ. ಮತ್ತ ಅಲ್ಲಿ ಯಾರ ಗಾಡೀಗೆ ಕಾಯ್ತೀ? ಕಾನೂನು ಹೋತು, ಛಲೋ ಆತು. ಬುಟ್ಟಿ ಹೋಗಿಲ್ಲ. ಇಲ್ಲಿಂದ ನಿಮ್ಮ ಅಬ್ಬಾನ ಕಾರ್ಖಾನಿ ತನಕ, ವಿಕ್ಸಮ್ ತನಕ, 696 ಫ್ರೀವೇ ಹಿಡಿದು ನೀ ಓಡಿಸಿ ತೋರಸು. ನನ್ನ ಕೈಲೆ ಹೂಂ ಅನಿಸೂದು ಆಮ್ಯಾಲ."

"ದಟ್ಸ್ ಬ್ಲ್ಯಾಕ್‌ಮೇಲ್" ಅಂದ ಅರ್ಹಾನ್, ಹಿಟ್ಟಿನಿಂದ ಒಂದು ಹಸಿಮೆಣಸಿನಕಾಯಿ ಎತ್ತುತ್ತಾ.

"ರೋಜಾ ಬಿಟ್ಟಿಲ್ಲ ಇನ್ನಾ, ಕೈ ತಗಿ!"

ಪಾಠ ಭಾನುವಾರ ಶುರುವಾಯಿತು. ಫಹಮೀದಾ ಪಕ್ಕದ ಸೀಟಿನಲ್ಲಿ. ಸಾರಾ ಕೈಯೆರಡರಿಂದಲೂ ಸ್ಟೇರಿಂಗ್ ಹಿಡಿದದ್ದು ನೋಡಿದರೆ ಅದನ್ನೇ ಹಿಂಡಿ ರಸ ತೆಗೆಯುತ್ತಾಳೆ ಅನ್ನಿಸುತ್ತಿತ್ತು. 696ಕ್ಕೆ ಏರುವ ದಾರಿಯ ತುದಿಗೆ ಬಂದಳು. ಎಡಕ್ಕೆ ನೋಡಿದಳು. ಟ್ರಕ್ಕು, ಟ್ರಕ್ಕು, ಬಿಳಿ ವ್ಯಾನು. ಬ್ರೇಕು ಒತ್ತಿ ನಿಂತೇಬಿಟ್ಟಳು. ಹಿಂದಿನವನು ಹಾರ್ನಿನ ಮೇಲೆ ಕೂತ.

"ನಿಲ್ಲಬ್ಯಾಡ! ಇಲ್ಲಿ ನಿಲ್ಲೂದು ಎಲ್ಲಾಕಿಂತ ಅಪಾಯ!"

"ದೇ ಆರ್ ನಾಟ್ ಲೆಟಿಂಗ್ ಮೀ ಇನ್, ಅವ್ವಾ!"

"ಅವರು ಜಾಗ ಕೊಡ್ಲಿ ಅಂತ ಕಾಯಬ್ಯಾಡ. ನೀ ಅವರ ವೇಗಕ್ಕ ಬಾ, ಜಾಗ ತಾನ ಆಗತೈತಿ."

ಹೇಗೋ ಒಳಗೆ ಸೇರಿ, ಮುಂದಿನ ಎಕ್ಸಿಟ್ಟಿನಲ್ಲೇ ಇಳಿದು, ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲಿಸಿ ಸಾರಾ ಅತ್ತಳು. ಫಹಮೀದಾ ಸಮಾಧಾನ ಮಾಡಲಿಲ್ಲ. ಬಸ್ಸಿನಲ್ಲಿ ಅಳುವ ಮಕ್ಕಳಿಗೆ ಕೊಡುವ ಹಾಗೆ ಒಂದು ಟಿಶ್ಯೂ ಕಾಗದ ಕೊಟ್ಟಳು, ಅಷ್ಟೆ.

ಮುಂದಿನ ಭಾನುವಾರ ಎರಡು ಎಕ್ಸಿಟ್. ಅದರ ಮರುವಾರದ ಒಂದು ದಿನ, ಸ್ಕೂಲಿನ ಮಕ್ಕಳನ್ನೆಲ್ಲ ಬಿಟ್ಟು ಬಂದ ಮೇಲೆ, ನಾಲ್ಕು. ಮುನೀರ್ ಪ್ರತಿ ಸಂಜೆ ಕೇಳುತ್ತಿದ್ದ, "ಎಲ್ಲೀಮಟ ಬಂತು ಸವಾರಿ?" ಅರ್ಹಾನ್ ಫ್ರಿಜ್ಜಿನ ಮೇಲೆ ಒಂದು ಗೆರೆ ಎಳೆದ ಕಾಗದ ಅಂಟಿಸಿ ಅದರ ತುದಿಗೆ ಒಂಟೆಯ ಚಿತ್ರ ಬರೆದಿದ್ದ.

ಈದ್ ಬಂತು. ಹಿಂದಿನ ದಿನ ಫಹಮೀದಾ ಹಬ್ಬದ ಪಾಯಸ ಸುರಕುಂಬಾಕ್ಕೆ ಶಾವಿಗೆ ಹುರಿಯುತ್ತಿದ್ದಳು, ಸಾರಾ ಬಾದಾಮಿ ಹೆಚ್ಚುತ್ತಿದ್ದಳು.

"ಖರೇ ಹೇಳು" ಅಂದಳು ಫಹಮೀದಾ. "ಇಷ್ಟು ದೇಶ ಬಿಟ್ಟು ಅಲ್ಲಿಗೇ ಯಾಕ? ಪಗಾರ ಅಂತ ಹೇಳಬ್ಯಾಡ."

ಸಾರಾ ಚಾಕು ಕೆಳಗಿಟ್ಟಳು. "ನಾ ಹೇಳಿದ್ರ ನೀ ಸಿಟ್ಟಾಗತೀ."

"ಆದ್ರ ಆಗತೀನಿ. ಹೇಳು."

"ನಿನಗ ಅದು ಜೈಲ್ ಇದ್ದಂಗ ಇತ್ತು. ನಂಗ ಗೊತ್ತಿರಲಿಲ್ಲ, ಅವ್ವಾ. ನಂಗ ಅದು... ನೀ ಇಡೀ ದಿನ ಮನ್ಯಾಗ ಇರತಿದ್ದಿ. ಬುಟ್ಟಿ ಇಳಸಾಕ ಹಗ್ಗ ನನ್ನ ಕೈಯಾಗ ಕೊಡತಿದ್ದಿ. ಮಧ್ಯಾಹ್ನ ನೆಲದ ಮ್ಯಾಲ ಮಲಗಿ ಕಥಿ ಹೇಳತಿದ್ದಿ. ಇಲ್ಲಿಗೆ ಬಂದು ನೀ ಲೈಸೆನ್ಸ್ ತಗೊಂಡಿ, ಬಸ್ ಹತ್ತಿದಿ. ಐ ವಾಸ್ ಸೋ ಪ್ರೌಡ್. ಆದ್ರ ಬೆಳಿಗ್ಗಿ ನೀ ಮಂದಿ ಮಕ್ಕಳನ್ನ ಸಾಲಿಗೆ ಬಿಡತಿದ್ದಿ, ನಾನು ಅರ್ಹಾನ್ ಇಬ್ಬರ ತಣ್ಣನ್ ಹಾಲಿಗೆ ಸೀರಿಯಲ್ ಹಾಕ್ಕೊಂಡು ತಿಂದು, ಬಾಗಿಲ ಹಾಕ್ಕೊಂಡು ಹೋಗತಿದ್ವಿ." ಅವಳು ಬಾದಾಮಿ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದಳು. "ನಾ ಖುಷಿ ಇದ್ದ ಊರು ಅದು. ಅದನ್ನ ದೊಡ್ಡಾಕಿ ಆಗಿ ನೋಡಬೇಕು. ಅಷ್ಟ."

ಶಾವಿಗೆ ಒಂದು ಕಡೆ ಕರಕಾಯಿತು. ಫಹಮೀದಾ ಒಲೆ ಆರಿಸಿದಳು. ಸಿಟ್ಟು ಬರಲಿಲ್ಲ. ತನ್ನ ಹದಿಮೂರು ವರ್ಷವನ್ನು ಅವಳು ಅಳೆದಿದ್ದಳು, ತೂಗಿದ್ದಳು, ಗಂಡನ ಮುಂದೆ ಎತ್ತಿ ಆಡಿದ್ದಳು. ಅದೇ ಕೋಣೆಯಲ್ಲಿ ಇನ್ನೊಂದು ಜೀವ ನಗುತ್ತಾ ಬೆಳೆದಿತ್ತು ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕರಕ ಆಗಿದ್ದು ಆರಿಸಿ ತಗಿ" ಅಂದಳು ಕೊನೆಗೆ. ಬಾಣಲೆ ಇಳಿಸಿಟ್ಟು, "ಆ ಸೀರಿಯಲ್ ನಂಗೂ ಸೇರತಿರಲಿಲ್ಲವ್ವ. ನಸಿಕಿನ್ಯಾಗ ಎದ್ದು ರೊಟ್ಟಿ ಬಡಿದು ಹೋಗಬೇಕಂತ ದಿನಾ ಅನ್ಕೊಂತಿದ್ದೆ."

"ಐ ನೋ, ಅವ್ವಾ."

ಏಪ್ರಿಲ್ ಆರು, ಭಾನುವಾರ. ಮುನೀರನಿಗೆ ಮೂರು ಗಂಟೆಯ ತನಕ ಕೆಲಸ, ಯಂತ್ರಗಳು ನಿಂತ ದಿನವೇ ರಿಪೇರಿ ನಡೆಯಬೇಕು. ಫಹಮೀದಾ ಅವನ ಊಟದ ಡಬ್ಬಿ ಕಟ್ಟಿದಳು, ಜೋಳದ ರೊಟ್ಟಿ, ಪುಂಡಿಪಲ್ಯ. "ನಡಿ, ಕೊಟ್ಟು ಬರೋಣು. ನೀ ಓಡಸು."

ಸಾರಾ ಬಿಸ್ಮಿಲ್ಲಾ ಅಂದು ಹೊರಟಳು. ಏರುದಾರಿಯಲ್ಲಿ ಕಾರಿನ ವೇಗ ಹೆಚ್ಚಿತು, ಇಂಡಿಕೇಟರ್ ಟಿಕ್ ಟಿಕ್ ಅಂದಿತು, ಎರಡು ಟ್ರಕ್ಕುಗಳ ನಡುವೆ ನುಸುಳಿದಳು. ಫಹಮೀದಾ ತನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುವುದನ್ನು ಕಂಡು ಕಾಲು ಹಿಂದಕ್ಕೆ ಎಳೆದುಕೊಂಡಳು. ಮೂವತ್ತು ಮೈಲಿ. ಸಾರಾ ರಸ್ತೆಯಿಂದ ಕಣ್ಣು ಕೀಳಲಿಲ್ಲ. ವಿಕ್ಸಮ್ ಎಕ್ಸಿಟ್ ಇಳಿದು ಕಾರ್ಖಾನೆಯ ಮುಂದೆ ನಿಲ್ಲಿಸಿದ ಮೇಲಷ್ಟೇ ಉಸಿರು ಬಿಟ್ಟಳು.

"ಮುಗೀತಲ್ಲ? ಈಗ ಹೂಂ ಅನ್ನು."

ಫಹಮೀದಾ ಡಬ್ಬಿ ಹಿಡಿದು ಕೆಳಗಿಳಿದಳು. ಮನೆಯಿಂದ ಹೊರಡುವಾಗ ಅವಳ ಮನಸ್ಸಿನಲ್ಲಿ ಇದು ಇರಲಿಲ್ಲ. ಇಳಿದು ಬಾಗಿಲು ಹಿಡಿದು ನಿಂತಾಗ ಹೊಳೆಯಿತು. ತಾನು ಪಕ್ಕದಲ್ಲಿ ಕೂತಿರುವಷ್ಟು ಕಾಲ ಓಡಿಸಿದವರು ಇಬ್ಬರು.

"ನೀ ಹೋಗು" ಅಂದಳು. "ಮನಿ ಮುಟ್ಟಿ ಫೋನ್ ಮಾಡು."

"ಒಬ್ಬಾಕೀನ? ಅವ್ವಾ, ನೀ ಹೆಂಗ ಬರ್ತೀ?"

"ನಿಮ್ಮ ಅಬ್ಬಾನ ಸಂಗಾಟ."

"ಹಿ ಗೆಟ್ಸ್ ಆಫ್ ಅಟ್ ತ್ರೀ! ಇನ್ನಾ ಎರಡು ತಾಸು!"

"ಕನ್ನಡಿ ನೋಡಿಕೊಂಡು ಹೋಗು" ಅಂದು ಬಾಗಿಲು ಹಾಕಿದಳು.

ಕಾರು ತಿರುವಿನಲ್ಲಿ ಮರೆಯಾಯಿತು. ಡಬ್ಬಿಯನ್ನು ಒಳಗೆ ಬಾಗಿಲ ಹತ್ತಿರ ಇದ್ದವನ ಕೈಗೆ ಕೊಟ್ಟು, ಹೊರಗೆ ಪಾರ್ಕಿಂಗಿನ ಕಾಂಕ್ರೀಟು ಅಂಚಿನ ಮೇಲೆ ಕೂತಳು. ಗಾಳಿ ತಣ್ಣಗಿತ್ತು, ಏಳೆಂಟು ಡಿಗ್ರಿ ಇರಬಹುದು. ಹದಿನೈದು ನಿಮಿಷಕ್ಕೆ ಒಮ್ಮೆ ಫೋನು ತೆಗೆದು ನೋಡಿದಳು. ನೋಡಿ ಒಳಗಿಟ್ಟಳು. ಮಾಡಲಿಲ್ಲ. ಓಡಿಸುವವಳಿಗೆ ಫೋನು ಮಾಡಬಾರದು.

ಐವತ್ತೆರಡು ನಿಮಿಷಕ್ಕೆ ಫೋನು ಬಡಿದುಕೊಂಡಿತು.

"ಅವ್ವಾ! ಬಂದೆ! ನೊವೈ ಊರ ಹಂತೇಕ ಒಂದು ಟ್ರಕ್ ಸೀದಾ ನನ್ನ ಲೇನಿಗೆ..."

"ಟ್ರಕ್ಕಿನ ಕಥಿ ಸಂಜಿಗೆ ಹೇಳು. ಹೂಂ."

"ಏನು?"

"ಹೂಂ ಅಂದೆ. ಸೈನ್ ಮಾಡಿ ಕಳಸು. ಅಲ್ಲಿ ಮದಲ ವಾರದಾಗ ಲೈಸೆನ್ಸ್ ಮಾಡಸು, ಗೆಳತ್ಯಾರ್ನ ಆಮ್ಯಾಲ ಮಾಡು."

ಆ ಕಡೆ ಅರ್ಹಾನ್ ಕೂಗಿದ್ದೂ ಯಾರೋ ಕುಣಿದದ್ದೂ ಕೇಳಿಸಿತು. ಫಹಮೀದಾ ಫೋನು ಇಟ್ಟು, ಸ್ಕಾರ್ಫಿನ ತುದಿಯಿಂದ ಮೂಗು ಒರೆಸಿಕೊಂಡಳು. ಚಳಿಗೆ ಮೂಗು ಸೋರುತ್ತದೆ.

ಮೂರಕ್ಕೆ ಮುನೀರ್ ಹೊರಬಂದ. ಅವಳನ್ನು ಕಂಡು ಓಡುನಡಿಗೆಯಲ್ಲಿ ಬಂದ. "ನೀ ಇಲ್ಲೇ ಅದೀಯೇನ? ಕಾರೆಲ್ಲಿ?"

"ಸಾರಾ ಒಯ್ದಳು."

"ಒಬ್ಬಾಕೀನ? 696 ಮ್ಯಾಲ?"

"ಮನಿ ಮುಟ್ಯಾಳ. ಕಾಗದಾನೂ ಕಳಸಿರಬೇಕು ಇಷ್ಟೊತ್ತಿಗೆ."

ಮುನೀರ್ ರಸ್ತೆಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಖುಷಿಪಡಲೋ ಬೈಯಲೋ ಅವನಿಗೆ ತಿಳಿಯಲಿಲ್ಲ. "ಎರಡು ತಾಸು ಈ ಥಂಡ್ಯಾಗ ನನ್ನ ಗಾಡಿ ಕಾಯ್ಕೊಂತ ಕುಂತೀಯಲ್ಲ, ಒಂದು ಫೋನ್ ಮಾಡಬಾರದ? ಕೆಲಸ ಬಿಟ್ಟು ಬರತಿದ್ದೆ."

"ಕಾದು ನಂಗ ರೂಢಿ ಐತ್ರಿ" ಅಂದಳು ಫಹಮೀದಾ. "ಆಕೀಗೆ ಆಗೂದು ಬ್ಯಾಡ."

ಮೊಣಕಾಲು ಹಿಡಿದುಕೊಂಡಿತ್ತು. ಕೈ ಚಾಚಿದಳು. ಮುನೀರ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಯಾಗುವ ತನಕ ಉಜ್ಜಿ, ಆಮೇಲೆ ಎಬ್ಬಿಸಿದ.